ನಡುವಿನ ದಿನಗಳು

ಗಂಡ ಬೆಳಿಗ್ಗೆ ತಾನಾಗಿಯೇ ಎದ್ದು, ಗಡ್ಡ ಬೋಳಿಸಿಕೊಂಡು, ಕಾಫಿ ಮಾಡಿ ಕೈಗೆ ಕೊಟ್ಟರೆ ಅದರಲ್ಲಿ ಹೆದರುವಂಥದ್ದು ಏನಿದೆ ಎಂದು ಸುಂದರಿ ತನ್ನನ್ನು ಕೇಳಿಕೊಂಡಾಗ ಮುಂಬೈಯ ಲೋಕಲ್ ಗಾಡಿ ದಿವಾ ಸ್ಟೇಷನ್ ದಾಟಿತ್ತು. ಹೆಂಗಸರ ಡಬ್ಬಿಯಲ್ಲಿ ಕಾಲು ಊರಲು ಜಾಗವಿರಲಿಲ್ಲ. ಯಾರದೋ ಒದ್ದೆ ಕೂದಲು ಅವಳ ಕೆನ್ನೆಗೆ ಅಂಟಿತ್ತು, ಯಾರದೋ ಊಟದ ಡಬ್ಬದ ಮೂಲೆ ಪಕ್ಕೆಗೆ ಒತ್ತುತ್ತಿತ್ತು. ಡೊಂಬಿವಲಿಯಲ್ಲಿ ಹತ್ತುವಾಗ ಅವಳು ಸಂತೋಷವಾಗಿಯೇ ಇದ್ದಳು. ಎಷ್ಟೋ ತಿಂಗಳ ನಂತರ ಕೂದಲಿಗೆ ಅಬ್ಬಲಿಗೆ ಮುಡಿದಿದ್ದಳು, ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಹೂ ಮಾರುವವಳು ಕರೆದಾಗ ಇಲ್ಲ ಎನ್ನಲು ಮನಸ್ಸು ಬರದೆ. ಈಗ ಆ ಹೂವಿನ ತಂಪು ಕತ್ತಿನ ಹಿಂದೆ ಯಾರೋ ಬೆರಳಿಟ್ಟ ಹಾಗೆ ಅನ್ನಿಸತೊಡಗಿತು. ಗುಣಪಾಲ ಚಾದರ ಮಡಚಿಟ್ಟಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಬೇಸಿಗೆಯುದ್ದಕ್ಕೂ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಲುಂಗಿ ಸುತ್ತಿಕೊಂಡು ಕುಳಿತು, ಎದುರಿನ ಬಿಲ್ಡಿಂಗಿನ ನೀರಿನ ಟಾಕಿಯನ್ನು ನೋಡುತ್ತಿದ್ದವನು, ಕರೆದರೆ ಬಹಳ ದೂರದಿಂದ ಎಂಬಂತೆ ತಿರುಗುತ್ತಿದ್ದವನು, ಇವತ್ತು ಮಗಳು ಪೂಜಿತಾಳ ಕೈ ಹಿಡಿದು ತನ್ನ ವಾಚು ಕಟ್ಟಿದ್ದ. 'ನನ್ನ ಕೈಗೆ ಇದು ಸಡಿಲ ಆಗಿದೆ, ನೀನು ಕಟ್ಟಿಕೋ,' ಎಂದಿದ್ದ. 'ಸಚ್ ಮೇ ಪಪ್ಪಾ?' ನಿಜವಾಗಿಯಾ, ಎಂದು ಹುಡುಗಿ ಕಾಲೇಜಿಗೆ ಓಡುವ ಗಡಿಬಿಡಿಯಲ್ಲೂ ಅವನ ಕೆನ್ನೆಗೆ ಮುತ್ತು ಕೊಟ್ಟಿದ್ದಳು. ಸುಂದರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿ, ದೇವರು ಕಣ್ಣು ಬಿಟ್ಟ ಎಂದುಕೊಂಡಿದ್ದಳು. ಗಾಡಿ ಮುಂಬ್ರಾದ ಸುರಂಗ ಹೊಕ್ಕಿತು. ಡಬ್ಬಿ ಕತ್ತಲಾದಾಗ ಆ ಮಾತು ಮತ್ತೆ ಕೇಳಿಸಿತು. ನನ್ನ ಕೈಗೆ ಇದು ಸಡಿಲ ಆಗಿದೆ.

ಆಮೇಲೆ ಬಾಗಿಲಲ್ಲಿ ಅವನು ಇನ್ನೊಂದು ಮಾತು ಹೇಳಿದ್ದ. 'ನಿನಗೆ ನನ್ನಿಂದ ತುಂಬಾ ತೊಂದರೆ ಆಯ್ತು, ಅಲ್ವಾ.' ಅವಳು ಚಪ್ಪಲಿಯ ಪಟ್ಟಿ ಎಳೆಯುತ್ತಾ, 'ಎಂತ ಮಾತು ಇದು ಬೆಳಿಗ್ಗೆ ಬೆಳಿಗ್ಗೆ. ಲತೀಶ್ ಬರ್ಲಿ, ಮತ್ತೆ ಹೋಗ್ತೇನೆ,' ಎಂದಿದ್ದಳು. ಲತೀಶ್ ಅವನ ತಮ್ಮ, ಕಲ್ಯಾಣದಲ್ಲಿ ಅವರ ಮನೆತನದ ವೆಜ್ ಹೋಟೆಲು ನೋಡಿಕೊಳ್ಳುತ್ತಿದ್ದ. ಅವಳು ಆಫೀಸಿಗೆ ಹೋದ ದಿನಗಳಲ್ಲಿ ಬೆಳಗಿನ ಗಿರಾಕಿ ಮುಗಿಯುವ ಮೊದಲೇ ಬಂದು ಅಣ್ಣನ ಜೊತೆ ಕೂರುವುದೆಂದು ಮಾತಾಗಿತ್ತು. 'ಅವನು ಹೊರಟಾಯ್ತು, ಈಗಷ್ಟೇ ಫೋನ್ ಮಾಡಿದ್ದ. ನೀನು ಹೋಗು, ಗಾಡಿ ತಪ್ಪುತ್ತದೆ,' ಎಂದು ಗುಣಪಾಲ ನಕ್ಕಿದ್ದ. ಆ ನಗು ಎಷ್ಟು ಚೆನ್ನಾಗಿತ್ತು ಎಂದರೆ ಅವಳು ಫೋನು ಯಾವಾಗ ಬಂತು, ತನಗೇಕೆ ಕೇಳಿಸಲಿಲ್ಲ ಎಂದು ಯೋಚಿಸಲೇ ಇಲ್ಲ. 'ಹೋಗಿ ಬರ್ತೇನೆ,' ಎಂದಳು. ಅದಕ್ಕೆ ಅವನು ಯಾವಾಗಲೂ 'ಬಾ' ಎನ್ನುತ್ತಿದ್ದ, ಕಾಯಿಲೆ ಬಿದ್ದ ದಿನಗಳಲ್ಲೂ ತಲೆ ಅಲ್ಲಾಡಿಸುತ್ತಿದ್ದ. ಇವತ್ತು ಅವಳ ಹೂವನ್ನಲ್ಲ, ಹೂವಿನ್ನೂ ಆಗ ಇರಲಿಲ್ಲ, ಅವಳ ಬರಿಯ ನೆತ್ತಿಯನ್ನು ನೋಡುತ್ತಾ ನಿಂತಿದ್ದ. ಬಾ ಎಂದನೇ? ಅವಳು ನೆನಪು ಮಾಡಿಕೊಳ್ಳಲು ಹೆಣಗಿದಳು. ಎಂದಿರಬೇಕು. ಮೆಟ್ಟಿಲಿಳಿಯುವಾಗ ಕೇಳಿಸಿರಲಿಕ್ಕಿಲ್ಲ. ಬೆಳಗಿನ ಲೋಡ್ ಶೆಡ್ಡಿಂಗಿನಲ್ಲಿ ಕೆಳಗಿನ ಅಂಗಡಿಯ ಜನರೇಟರ್ ಅಷ್ಟು ಸದ್ದು ಮಾಡುತ್ತಿತ್ತು.

ಡಾಕ್ಟರರ ಮಾತು ಅವಳಿಗೆ ಕಳವಾ ಸ್ಟೇಷನ್ ಹತ್ತಿರ ನೆನಪಾಯಿತು. ನೆನಪಾಯಿತು ಎನ್ನುವುದಕ್ಕಿಂತ, ಅಷ್ಟು ದಿನ ಎಲ್ಲೋ ಕೆಳಗೆ ಬಿದ್ದಿದ್ದದ್ದು ಗಾಡಿಯ ಕುಲುಕಾಟಕ್ಕೆ ಮೇಲೆ ಬಂತು. ಥಾಣೆಯ ಆ ಕ್ಲಿನಿಕ್ಕಿನಲ್ಲಿ, ಬೆಳ್ಳಿಗೂದಲಿನ ಆ ಮರಾಠಿ ಹೆಂಗಸು, ನಿಧಾನದ ಹಿಂದಿಯಲ್ಲಿ ಹೇಳುತ್ತಿದ್ದಾಗ ಸುಂದರಿಯ ಅರ್ಧ ಕಿವಿ ಹೊರಗಿನ ಬೆಂಚಿನ ಕಡೆಗಿತ್ತು, ಡೊಂಬಿವಲಿಯ ಯಾರಾದರೂ ಅಲ್ಲಿ ಕುಳಿತಿದ್ದರೆ ಎಂದು. ಇದು ತಲೆನೋವಿನ ಗುಳಿಗೆಯಲ್ಲ, ಇವತ್ತು ನುಂಗಿ ಇವತ್ತೇ ಗುಣ ಕಾಣಲು; ಕೆಲವು ವಾರ ಹಿಡಿಯುತ್ತದೆ, ಮೊದಮೊದಲು ವಾಕರಿಕೆ ಬರಬಹುದು, ನಿದ್ದೆ ಕೆಡಬಹುದು, ನೀವಾಗಿ ನಿಲ್ಲಿಸಬೇಡಿ, ನನಗೆ ಫೋನ್ ಮಾಡಿ. ಒಂದು ದಿನ ಮರೆತರೆ ಮರುದಿನ ಎರಡು ಕೊಡಬೇಡಿ. ಸಾರಾಯಿ ಸುತರಾಂ ಬೇಡ, ಮತ್ತೆ ನೋವಿನ ಮಾತ್ರೆಯಾಗಲಿ ಕೆಮ್ಮಿನ ಔಷಧಿಯಾಗಲಿ ಊರಿನ ಕಷಾಯವಾಗಲಿ, ನನ್ನನ್ನು ಕೇಳಿಯೇ. ಆಮೇಲೆ ಗುಣಪಾಲನನ್ನು ತೂಕ ನೋಡುವ ನೆಪದಲ್ಲಿ ಹೊರಗೆ ಕಳಿಸಿ, ಅವಳ ಕಡೆ ಬಾಗಿ ಹೇಳಿದ್ದರು: 'ಕೆಲವರಿಗೆ ಕೈಕಾಲಿಗೆ ಬಲ ಮೊದಲು ಬರುತ್ತದೆ, ಮನಸ್ಸು ಹಿಂದೆ ಉಳಿದಿರುತ್ತದೆ. ಆ ನಡುವಿನ ದಿನಗಳಲ್ಲಿ ಅವರನ್ನು ಒಬ್ಬರೇ ಬಿಡಬೇಡಿ. ಗುಳಿಗೆ ನಿಮ್ಮ ಕೈಯಲ್ಲಿರಲಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ.'

ಸುಂದರಿಗೆ ಆಗ ಮುಖಕ್ಕೆ ಹೊಡೆದಂತಾಗಿತ್ತು. 'ಅಂಥದ್ದನ್ನು ಹೇಗೆ ಕೇಳೋದು ಡಾಕ್ಟರ್? ಇಲ್ಲದ್ದನ್ನು ನಾವೇ ತಲೆಯಲ್ಲಿ ಹಾಕಿದ ಹಾಗೆ ಆಗ್ತದಲ್ಲ,' ಎಂದಿದ್ದಳು.

'ಕೇಳಿದ್ದರಿಂದ ಹುಟ್ಟುವುದಿಲ್ಲ. ಇದ್ದರೆ, ಕೇಳಿದಾಗ ಅವರಿಗೆ ಸ್ವಲ್ಪ ಉಸಿರಾಡಲು ಆಗುತ್ತದೆ.'

ಅವಳು ತಲೆಯಾಡಿಸಿದ್ದಳು. ಗುಳಿಗೆಯ ಹಾಳೆಗಳನ್ನು ತನ್ನ ಪರ್ಸಿನಲ್ಲೇ ಇಟ್ಟುಕೊಂಡು ದಿನವೂ ಒಂದನ್ನು ಅವನ ಅಂಗೈಗೆ ಹಾಕಿ, ಅವನು ನೀರು ಕುಡಿದು ಗಂಟಲು ಏರಿ ಇಳಿಯುವವರೆಗೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಹೋಟೆಲಿನ ಗಲ್ಲಾದಲ್ಲಿ ಕುಳಿತು ಹತ್ತಾರು ಮಂದಿಯನ್ನು ಆಳಿದ ಗಂಡಸು ಶಾಲೆಯ ಮಗುವಿನಂತೆ ಬಾಯಿ ತೆರೆದು ತೋರಿಸುತ್ತಿದ್ದ. ಅವಳು ಕೇಳಿರಲಿಲ್ಲ, ಅವನಾಗಿ ತೋರಿಸುತ್ತಿದ್ದ. ಆ ಬಿಳಿಚಿದ ನಾಲಿಗೆಯನ್ನು ನೋಡಿದಾಗೆಲ್ಲ ಅವಳಿಗೆ ಅಡಗಿಕೊಳ್ಳಬೇಕೆನಿಸುತ್ತಿತ್ತು. ಆದರೆ ಆ ಪ್ರಶ್ನೆಯನ್ನು ಮಾತ್ರ ಅವಳು ಒಂದು ದಿನವೂ ಕೇಳಿರಲಿಲ್ಲ. ನಾಳೆ ಎಂದುಕೊಂಡಳು. ಪೂಜಿತಾ ಮನೆಯಲ್ಲಿಲ್ಲದಾಗ ಎಂದುಕೊಂಡಳು. ಮೊದಲ ದಿನಗಳಲ್ಲಿ ಅವನು ಉಂಡದ್ದೆಲ್ಲ ಕಕ್ಕಿಕೊಂಡಾಗ ಲತೀಶ್ ಬಂದು, 'ಅತ್ತಿಗೆ, ಇದೆಲ್ಲ ಅಭ್ಯಾಸ ಆಗುವ ಗುಳಿಗೆ. ಅಣ್ಣನಿಗೆ ಎಂತ ಹುಚ್ಚಾ? ಸ್ವಲ್ಪ ದಿನ ನಿಲ್ಲಿಸಿ ನೋಡಿ,' ಎಂದ. ಅವಳು ನಿಲ್ಲಿಸಿದಳು. ಡಾಕ್ಟರಿಗೆ ಹೇಳಲಿಲ್ಲ. ನಿಲ್ಲಿಸಿದಾಗ ಗುಣಪಾಲ ಗೋಡೆಯ ಕಡೆ ತಿರುಗಿ ಮಲಗಿದವನು ಅನ್ನದ ತಟ್ಟೆಯನ್ನು ಮುಟ್ಟಲಿಲ್ಲ. ಕೊನೆಗೆ ಅಳುತ್ತಾ ಫೋನ್ ಮಾಡಿದಾಗ ಡಾಕ್ಟರ್ ಬೈಯಲಿಲ್ಲ, 'ಮತ್ತೆ ಮೊದಲಿನಿಂದ ಶುರು ಮಾಡೋಣ, ಊಟ ಆದ ಮೇಲೆ ಕೊಡಿ,' ಎಂದರು. ಬೈದಿದ್ದರೆ ವಾಸಿಯಿತ್ತು. ಆ ದಿನಗಳು ಕೈತಪ್ಪಿ ಹೋಗಿರದಿದ್ದರೆ ಈ ಹೊತ್ತಿಗೆ ಅವನ ಮನಸ್ಸೂ ಎದ್ದು ನಿಂತಿರುತ್ತಿತ್ತೋ ಏನೋ. ಈಗ ಎದ್ದಿರುವುದು ಕೈಕಾಲು ಮಾತ್ರವೋ ಏನೋ.

ಥಾಣೆಯಲ್ಲಿ ಇಳಿಯುವ ಜನ ಅವಳನ್ನು ಎತ್ತಿ ಹೊರಗೆ ಹಾಕಿದರು. ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ಮನೆಗೆ ಫೋನ್ ಮಾಡಿದಳು. ಗಂಟೆ ಬಾರಿಸುತ್ತಲೇ ಇತ್ತು. ಅವನ ಮೊಬೈಲು ಬಂದ್ ಆಗಿತ್ತು. ಸ್ನಾನಕ್ಕೆ ಹೋಗಿರಬೇಕು ಎಂದುಕೊಂಡಳು, ಆದರೆ ಅವನು ಸ್ನಾನ ಮಾಡಿಯೇ ಅಂಗಿ ಹಾಕಿದ್ದ. ಲತೀಶನಿಗೆ ಫೋನ್ ಹಚ್ಚಿದಳು. ಅವನು ಎತ್ತಿದಾಗ ಹಿಂದೆ ತಟ್ಟೆಗಳ ಸದ್ದು, ಯಾರೋ ಎರಡು ಸಾದಾ ಒಂದು ಮಸಾಲೆ ಎಂದು ಕೂಗುತ್ತಿದ್ದುದು ಕೇಳಿಸಿತು. ಆ ಸದ್ದಿನಿಂದಲೇ ಅವಳಿಗೆ ಎಲ್ಲ ಗೊತ್ತಾಯಿತು.

'ನೀನು ಇನ್ನೂ ಹೋಟೆಲಿನಲ್ಲಿದ್ದೀಯಾ ಲತೀಶ್?'

'ಹೌದು ಅತ್ತಿಗೆ. ಅಣ್ಣನೇ ಫೋನ್ ಮಾಡಿದ್ರಲ್ಲ, ನೀವು ರಜೆ ಹಾಕಿದ್ದೀರಿ, ಇವತ್ತು ಬರ್ಬೇಡ ಅಂತ. ಸ್ವರ ಎಷ್ಟು ಒಳ್ಳೇದಿತ್ತು ಗೊತ್ತುಂಟಾ? ಹಳೇ ಗುಣಣ್ಣನ ಸ್ವರ. ಹೋಟೆಲನ್ನು ಚೆನ್ನಾಗಿ ನೋಡಿಕೋ ಅಂದ್ರು. ನಾನು ಹೇಳ್ಲಿಲ್ವಾ, ಸುಮ್ಮನೆ ಹೆದರಿದ್ದು ನೀವು.'

'ನಾನು ಥಾಣೆಯಲ್ಲಿದ್ದೇನೆ,' ಎಂದಳು ಸುಂದರಿ.

'ನಾನು ಹೊರಟೆ,' ಎಂದ ಲತೀಶ್, ಬೇರೆಯೇ ದನಿಯಲ್ಲಿ.

ಕಲ್ಯಾಣದ ಕಡೆ ಹೋಗುವ ಗಾಡಿಗಳು ಆ ಹೊತ್ತಿನಲ್ಲಿ ಖಾಲಿ ಇರುತ್ತವೆ. ಕಿಟಕಿಯ ಪಕ್ಕದಲ್ಲೇ ಜಾಗ ಸಿಕ್ಕಿತು, ಗಾಳಿ ಬಂತು, ಎದುರು ಸೀಟಿನವಳು ಬಟಾಣಿ ಸುಲಿಯುತ್ತಾ ಇನ್ನೂ ಆಚೆ ಸರಿದು ಕುಳಿತಳು, ಇಷ್ಟೊಂದು ಸುಖ ತನಗೆ ಕೊಡುತ್ತಿರುವುದು ಏತಕ್ಕೆ ಎಂದು ಅವಳಿಗೆ ಕಸಿವಿಸಿಯಾಯಿತು. ಆಫೀಸಿಗೆ ತಿಳಿಸಬೇಕಿತ್ತು. ಇನ್ಶೂರೆನ್ಸ್ ಆಫೀಸಿನ ಆ ಸಾಹೇಬರು ಕಳೆದ ಸಲ ರಜೆಯ ಅರ್ಜಿಯನ್ನು ಎಲ್ಲರ ಎದುರು ಓದಿ, 'ಕಾಮಾಲೆ? ಇಷ್ಟು ದಿನ? ಸುಂದರಿಬಾಯಿ, ನಿಮ್ಮ ಯಜಮಾನರು ಕುಡಿಯುತ್ತಾರಾ?' ಎಂದು ಕೇಳಿದ್ದರು. ಮೇಜುಗಳ ಮೇಲೆ ತಲೆಗಳು ಎದ್ದಿದ್ದವು. ಅವಳು ಇಲ್ಲ ಎನ್ನುವ ಬದಲು ಸುಮ್ಮನೆ ನಿಂತಿದ್ದಳು. ಕುಡುಕನ ಹೆಂಡತಿಯಾಗುವುದು ಆ ಕ್ಷಣಕ್ಕೆ ಹಗುರ ಎನಿಸಿತ್ತು. ಕಾಮಾಲೆ ಎನ್ನುವುದು ಅವಳೇ ಹುಟ್ಟಿಸಿದ ಮಾತು. ಎದುರು ಮನೆಯ ಜಯಲತಾ ಅದನ್ನು ಕೇಳಿ, ಯಾವಾಗಲೂ ಬಾಯಿ ಮುಚ್ಚದ ಆ ಕುಂದಾಪುರದ ಹೆಂಗಸು, ಊರಿಂದ ನೆಲನೆಲ್ಲಿ ತರಿಸಿ ಅರೆದು ಮಜ್ಜಿಗೆಯಲ್ಲಿ ಕಲಸಿ ದಿನ ಬೆಳಿಗ್ಗೆ ಲೋಟ ತಂದುಕೊಡುತ್ತಿದ್ದಳು. ಬಾಗಿಲು ಮುಚ್ಚಿದ ಕೂಡಲೇ ಸುಂದರಿ ಅದನ್ನು ಬಚ್ಚಲಿಗೆ ಸುರಿಯುತ್ತಿದ್ದಳು. ಸುರಿಯುವಾಗ ಗುಣಪಾಲ ಕುರ್ಚಿಯಿಂದ ನೋಡುತ್ತಿದ್ದ. ತನ್ನ ಕಾಯಿಲೆಯ ಹೆಸರು ಹೇಳಲಾಗದಂಥದ್ದು ಎಂದು ಅವನು ಕಲಿತದ್ದು ಡಾಕ್ಟರಿಂದಲ್ಲ, ಆ ಬಚ್ಚಲಿನಿಂದ.

ದಿವಾ ಬಿಟ್ಟು ಸ್ವಲ್ಪ ದೂರ ಹೋದ ಗಾಡಿ ನಿಧಾನವಾಗಿ, ಆಮೇಲೆ ಪೂರ್ತಿಯಾಗಿ ನಿಂತಿತು. ಫ್ಯಾನುಗಳೂ ನಿಂತವು. ಹೊರಗೆ ಉಪ್ಪುನೀರಿನ ಖಾಡಿಯ ಕಪ್ಪು ಕೆಸರು, ಅದರಲ್ಲಿ ಒಂಟಿ ಕಾಲಿನಲ್ಲಿ ನಿಂತ ಬೆಳ್ಳಕ್ಕಿಗಳು. ಬಹಳ ಹೊತ್ತು ಯಾರೂ ಏನೂ ಕೇಳಲಿಲ್ಲ, ಗಾಡಿ ನಿಲ್ಲುವುದು ಹೊಸದೇನಲ್ಲ. ಬಾಗಿಲ ಬಳಿಯಿದ್ದ ಹುಡುಗಿ ಫೋನಿನಲ್ಲಿ ಯಾರಿಗೋ ಹೇಳಿದಳು, 'ಉಶೀರ್ ಹೋಯೀಲ್, ಕೋಪರ್‌ಜವಳ ಕೋಣೀತರೀ ಗಾಡೀಖಾಲೀ ಆಲಾ ಮ್ಹಣೇ.' ತಡವಾಗುತ್ತದೆ, ಕೋಪರ್ ಹತ್ತಿರ ಯಾರೋ ಗಾಡಿಯ ಅಡಿಗೆ ಬಂದರಂತೆ. ಬಟಾಣಿ ಸುಲಿಯುವವಳು ನಾಲಿಗೆಯಲ್ಲಿ ಚ್ ಎಂದಳು. ಇನ್ನೊಬ್ಬಳು, ಇವರಿಗೆಲ್ಲ ಬೆಳಗಿನ ಹೊತ್ತೇ ಬೇಕಾ, ಎಂದಳು. ಸುಂದರಿಗೆ ಆ ಮಾತು ಪರಿಚಯದ್ದಾಗಿತ್ತು. ಎಷ್ಟೋ ಬೆಳಿಗ್ಗೆ, ನಿಂತ ಗಾಡಿಯಲ್ಲಿ ಬೆವರುತ್ತಾ, ತಾನೂ ಅದನ್ನೇ ಅಂದದ್ದುಂಟು. ಡೊಂಬಿವಲಿಗೆ ಬಂದ ಹೊಸದರಲ್ಲಿ ಇಂಥದ್ದು ಕೇಳಿದರೆ ರಾತ್ರಿ ಅನ್ನ ಇಳಿಯುತ್ತಿರಲಿಲ್ಲ, ಗುಣಪಾಲನೇ ಸಮಾಧಾನ ಮಾಡುತ್ತಿದ್ದ. ಆಮೇಲೆ ಯಾವಾಗಲೋ ಅದು ಬರೀ ತಡವಾಯಿತು ಎಂಬಷ್ಟೇ ಆಗಿಹೋಗಿತ್ತು. 'ಮಾಣೂಸ್ ಕೀ ಬಾಯಿ?' ಗಂಡಸೋ ಹೆಂಗಸೋ ಎಂದು ಅವಳು ಕೇಳಿದಳು, ತನ್ನ ದನಿ ಇಷ್ಟು ಸಾಧಾರಣವಾಗಿ ಹೊರಟಿತಲ್ಲ ಎಂದು ಬೆರಗಾದಳು. 'ಮಾಣೂಸ್,' ಎಂದಳು ಹುಡುಗಿ, ಮತ್ತೆ ಫೋನಿಗೆ ಕಿವಿ ಕೊಟ್ಟಳು. ಅಂಗಿಯ ಬಣ್ಣ ಏನು ಎಂದು ಕೇಳುವ ಮೊದಲು ಸುಂದರಿ ತನ್ನ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡಳು. ಅವನ ಅಂಗಿ ಯಾವ ಬಣ್ಣದ್ದು ಎಂದು ಅವಳಿಗೆ ನೆನಪಾಗುತ್ತಿರಲಿಲ್ಲ. ಇಸ್ತ್ರಿಯ ಗೆರೆ ನೆನಪಿತ್ತು, ಕಾಲರಿನ ಒಳಗೆ ಬಿಗಿಯಾಗದ ಕತ್ತು ನೆನಪಿತ್ತು. ಬಣ್ಣ ಇರಲಿಲ್ಲ.

ಜಯಲತಾಳ ನಂಬರ್ ಹುಡುಕಿ ಹಚ್ಚಿದಳು.

'ಜಯಕ್ಕ, ನಾನು ಸುಂದರಿ. ಗಾಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಇವರು ಮನೆಯಲ್ಲಿ ಒಬ್ಬರೇ ಇದ್ದಾರೆ, ಫೋನ್ ತೆಗೀತಾ ಇಲ್ಲ.'

'ನಿದ್ದೆ ಬಂದಿರ್ಬೇಕು ಮಾರಾಯ್ತಿ. ಕಾಮಾಲೆಯಲ್ಲಿ ಸುಸ್ತು ಜಾಸ್ತಿ. ನಮ್ಮ ಚಿಕ್ಕಪ್ಪನಿಗೆ...'

'ಜಯಕ್ಕ, ಅವರಿಗೆ ಕಾಮಾಲೆ ಅಲ್ಲ.' ಡಬ್ಬಿ ನಿಶ್ಶಬ್ದವಾಗಿತ್ತು. 'ಅವರಿಗೆ ಮನಸ್ಸಿನ ಕಾಯಿಲೆ. ಗುಳಿಗೆ ಶುರು ಮಾಡಿ ಕೆಲವು ವಾರ ಆಯ್ತು. ಅವರು ಏನಾದರೂ ಮಾಡಿಕೊಂಡಾರು ಅಂತ ನನಗೆ ಹೆದರಿಕೆ ಆಗ್ತಾ ಉಂಟು. ನೀವು ಈಗಲೇ ಹೋಗಿ ಬಾಗಿಲು ತಟ್ಟಿ. ತೆಗೆಯದಿದ್ರೆ ವಾಚ್‌ಮನ್ನನ್ನು ಕರೆದು ಒಡೆಸಿ. ತೆಗೆದ್ರೆ ನಾನು ಬರುವವರೆಗೆ ಬಿಟ್ಟು ಹೋಗ್ಬೇಡಿ.'

ಮೂಲೆಯಲ್ಲಿ ಕುಳಿತಿದ್ದ, ಇಷ್ಟು ಹೊತ್ತು ಮರಾಠಿ ವಾರಪತ್ರಿಕೆ ಓದುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ಅವಳನ್ನು ನೋಡಿ, ತಟ್ಟನೆ ಕಿಟಕಿಯ ಕಡೆ ತಿರುಗಿದಳು. ಅವಳಿಗೆ ಕನ್ನಡ ಬರುತ್ತದೆ ಎಂದು ಸುಂದರಿಗೆ ಗೊತ್ತಾಯಿತು. ಆಶ್ಚರ್ಯ, ಜಯಲತಾ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 'ಹೋಗ್ತಾ ಇದ್ದೇನೆ. ಫೋನ್ ಇಡು,' ಎಂದಳು.

ಆಮೇಲೆ ಯಾರಿಂದಲೂ ಫೋನ್ ಬರಲಿಲ್ಲ. ಸುಂದರಿ ಹಚ್ಚಿದರೆ ಜಯಲತಾ ಎತ್ತಲಿಲ್ಲ. ಲತೀಶ್ ಎತ್ತಿ, ಕಲ್ಯಾಣದ ಪತ್ರಿ ಪೂಲ್ ಸೇತುವೆಯ ಮೇಲೆ ಟ್ರಾಫಿಕ್, ಒಂದಿಂಚೂ ಸರಿಯುತ್ತಿಲ್ಲ, ರಿಕ್ಷಾದಿಂದ ಇಳಿದು ಓಡ್ತೇನೆ ಎಂದ. ಗಾಡಿ ಕೊನೆಗೂ ಹೊರಟಾಗ ತೆವಳಿದಂತೆ ಹೊರಟಿತು. ಕೋಪರ್ ಹತ್ತಿರ ಬಂದಾಗ ಡಬ್ಬಿಯವರೆಲ್ಲ ಒಂದು ಕಡೆಯ ಕಿಟಕಿಗೆ ಬಂದು ಬಗ್ಗಿದರು. ಅವಳು ಇನ್ನೊಂದು ಕಡೆ ಮುಖ ಮಾಡಿ ಕುಳಿತಳು. ನೋಡಿದವರು ಮಾತಾಡಿಕೊಂಡರು: ವಯಸ್ಸಾದವನು, ಧೋತರ ಉಟ್ಟಿದ್ದಾನೆ, ಹಳಿ ದಾಟುತ್ತಿದ್ದನೋ ಏನೋ. ಧೋತರ. ಸುಂದರಿಯ ಎದೆಯಲ್ಲಿ ಏನೋ ಸಡಿಲವಾಗಿ ಬಿಚ್ಚಿಕೊಂಡಿತು, ಅವಳಿಗೆ ನಗು ಬರುವ ಹಾಗಾಯಿತು, ನಿಜವಾಗಿಯೂ ತುಟಿ ಅರಳಿತು. ಯಾವುದೋ ಮನೆಯಲ್ಲಿ ಇಷ್ಟು ಹೊತ್ತಿಗೆ ಯಾರೋ ಅವನಿಗೆಂದು ಅಕ್ಕಿ ತೊಳೆಯುತ್ತಿರಬಹುದು. ನಾನು ಇಲ್ಲಿ ಕುಳಿತು ನಕ್ಕೆ. ಈ ನಗುವಿಗೆ ಬೆಲೆ ಕೊಡಬೇಕಾಗುತ್ತದೆ ಎಂಬ ಯೋಚನೆ ಅವಳನ್ನು ಡೊಂಬಿವಲಿಯ ಬ್ರಿಜ್ಜಿನ ಮೇಲೆ, ತರಕಾರಿಯವರ ನಡುವೆ, ಗಟಾರದ ಮೇಲಿನ ಅಲುಗಾಡುವ ಕಲ್ಲಿನ ಮೇಲೆ ಓಡಿಸಿತು. ತಿರುವಿನಲ್ಲಿ ಅವಳು ನಿಂತಳು. ಬಿಲ್ಡಿಂಗಿನ ಕೆಳಗೆ ಜನ ಸೇರಿದ್ದರೆ ಇಲ್ಲಿಂದಲೇ ಕಾಣುತ್ತದೆ. ಜನ ಇರಲಿಲ್ಲ. ವಾಚ್‌ಮನ್ ಕುರ್ಚಿಯಲ್ಲಿ ಕುಳಿತು ಕಿವಿ ಕೆರೆದುಕೊಳ್ಳುತ್ತಿದ್ದ. ಅದು ಒಳ್ಳೆಯದೋ ಕೆಟ್ಟದ್ದೋ, ಇನ್ನೂ ಯಾರಿಗೂ ಗೊತ್ತಾಗಿಲ್ಲವೆಂದೋ.

ಮೆಟ್ಟಿಲ ಮೇಲೆ ಜಯಲತಾಳ ದನಿ ಕೇಳಿಸಿತು. ಅವಳ ಸೊಸೆಗೆ ಗಂಜಿ ಬೇಯಿಸಲು ಬರುವುದಿಲ್ಲ, ಬೇಯಿಸಿದರೆ ತಿಳಿ ಚೆಲ್ಲುತ್ತಾಳೆ, ಚೆಲ್ಲಬೇಡ ಎಂದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಸುಂದರಿಯ ಮನೆಯ ಬಾಗಿಲು ಹಾರು ಹೊಡೆದಿತ್ತು. ಜಯಲತಾ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಎಳೆದುಕೊಂಡು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, ಒಂದೇ ಸಮನೆ ಮಾತಾಡುತ್ತಿದ್ದಳು. ಒಳಗೆ ದಿವಾನದ ಅಂಚಿನಲ್ಲಿ ಗುಣಪಾಲ ಕುಳಿತಿದ್ದ. ಅಂಗಿ ತಿಳಿನೀಲಿಯದಾಗಿತ್ತು. ಕಾಲಿನಲ್ಲಿ ಚಪ್ಪಲಿ ಇತ್ತು. ಮನೆಯೊಳಗೆ ಅವನು ಎಂದೂ ಚಪ್ಪಲಿ ಹಾಕಿದವನಲ್ಲ. ಅವಳನ್ನು ಕಂಡು ಅವನ ಮುಖದಲ್ಲಿ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಬರಲಿಲ್ಲ, ಬಸ್ಸು ಕಣ್ಣೆದುರೇ ಹೊರಟುಹೋದವನ ಹಾಗೆ ನೋಡಿದ.

'ಬಂದೆಯಾ? ನಿನ್ನ ಗಂಡನ ತಲೆ ತಿಂದು ಮುಗಿಸಿದೆ ನಾನು,' ಎಂದು ಜಯಲತಾ ಎದ್ದಳು. 'ಎಲ್ಲೋ ಹೊರಟಿದ್ರು. ಸ್ವಲ್ಪ ಕೂತ್ಕೊಳ್ಳಿ ಅಣ್ಣ, ನನಗೆ ಮಾತಾಡ್ಲಿಕ್ಕೆ ಜನ ಇಲ್ಲ ಅಂದೆ. ಪಾಪ, ಕೂತ್ರು.' ಹೊರಗೆ ಬಂದ ಮೇಲೆ ಅವಳ ಮುಖ ಕುಸಿಯಿತು. ಗೋಡೆ ಹಿಡಿದುಕೊಂಡಳು. 'ಫೋನ್ ತೆಗೆದ್ರೆ ಮಾತು ನಿಲ್ಲಿಸ್ಬೇಕಿತ್ತು, ಅದಕ್ಕೇ ತೆಗೀಲಿಲ್ಲ,' ಎಂದಳು. ಸುಂದರಿ ನೆಲನೆಲ್ಲಿಯ ಲೋಟಗಳ ಬಗ್ಗೆ ಹೇಳಹೊರಟಳು. ಜಯಲತಾ ಅವಳ ತೋಳು ಮುಟ್ಟಿ, ತಗ್ಗಿದ ದನಿಯಲ್ಲಿ, 'ನನ್ನ ತಮ್ಮನಿಗೂ ನಾವು ಹೊಟ್ಟೆನೋವು ಅಂತ ಹೇಳಿಕೊಂಡಿದ್ದೆವು ಸುಂದರಿ,' ಎಂದಳು. ಆ ತಮ್ಮನ ಮಾತನ್ನು ಅವಳು ಅದಕ್ಕೆ ಮೊದಲು ಎತ್ತಿರಲಿಲ್ಲ, ಆಮೇಲೆಯೂ ಎತ್ತಲಿಲ್ಲ. ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸುಂದರಿ ಗಂಡನ ಎದುರು ನೆಲದ ಮೇಲೆ ಕುಳಿತಳು. ಕರೆಂಟು ಇನ್ನೂ ಬಂದಿರಲಿಲ್ಲ. ಕೆಳಗೆ ಜನರೇಟರಿನ ಸದ್ದು ಇಬ್ಬರ ನಡುವಿನ ಜಾಗವನ್ನೆಲ್ಲ ತುಂಬಿತ್ತು. ಆ ಪ್ರಶ್ನೆ ಬಾಯಿಗೆ ಬಂದಾಗ ಅದರ ರುಚಿಯೇ ಬೇರೆಯಿತ್ತು. ಕೇಳಿದರೆ ಅವರಿಬ್ಬರೂ ಇದುವರೆಗೆ ಗಂಡ ಹೆಂಡತಿ ಎಂದು ಏನನ್ನು ಆಡಿಕೊಂಡು ಬಂದಿದ್ದರೋ ಅದು ಮುರಿಯುತ್ತದೆ ಎನಿಸಿತು. ಅವಳು ಅವನ ಚಪ್ಪಲಿಗಳನ್ನು ಒಂದೊಂದಾಗಿ ಕಾಲಿನಿಂದ ತೆಗೆದಳು.

'ಸಾಯ್ಬೇಕು ಅಂತ ಅನ್ನಿಸ್ತಾ ಉಂಟಾ ನಿಮಗೆ?'

ಅವನು ಕಿಟಕಿಯಾಚೆಯ ನೀರಿನ ಟಾಕಿಯ ಕಡೆ ನೋಡಲಿಲ್ಲ. ಬರಿಗಾಲನ್ನು ನೋಡಿಕೊಂಡ. 'ಹೌದು,' ಎಂದ. ಆಮೇಲೆ, ಬಹಳ ದಿನ ಬಳಸದ ನಲ್ಲಿಯಿಂದ ಮೊದಲು ಗಾಳಿ ಆಮೇಲೆ ನೀರು ಬರುವ ಹಾಗೆ ತೊದಲಿ ಹೇಳಿದ. 'ಮೊದಲು ಏಳ್ಲಿಕ್ಕೇ ಆಗ್ತಿರಲಿಲ್ಲ. ಸಾಯ್ಲಿಕ್ಕಾದರೂ ಏಳ್ಬೇಕಲ್ಲ. ಇವತ್ತು ಬೆಳಿಗ್ಗೆ ಎದ್ದಾಗ ಕೈಕಾಲು ನನ್ನದೇ ಅನ್ನಿಸ್ತು. ಎಲ್ಲ ಇವತ್ತೇ ಮುಗೀತದೆ ಅಂತ ಅನ್ನಿಸಿ ಎಷ್ಟು ಹಗುರ ಆಯ್ತು ಗೊತ್ತುಂಟಾ. ನಿನಗೆ ಕಾಫಿ ಮಾಡಿಕೊಡ್ಬೇಕು ಅನ್ನಿಸ್ತು. ನೀನು ಅಷ್ಟು ಖುಷಿ ಆದೆ.' ಅವನು ನಿಲ್ಲಿಸಿದ. 'ನೀನು ಯಾಕೆ ಇಷ್ಟು ದಿನ ಕೇಳ್ಲಿಲ್ಲ?'

ಅದು ಆಪಾದನೆಯಾಗಿರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ್ದು. ಸುಂದರಿ ಅವನ ಮಂಡಿಯ ಮೇಲೆ ಹಣೆಯಿಟ್ಟಳು. ಲತೀಶ್ ಬೆವರಿ ನೀರಾಗಿ ಬಂದಾಗ ಅವರು ಹಾಗೆಯೇ ಕುಳಿತಿದ್ದರು. ಅವನು ಅಣ್ಣನನ್ನು ನೋಡಿ, ಅತ್ತಿಗೆಯನ್ನು ನೋಡಿ, ಚಪ್ಪಲಿ ಕಳಚಿ, ಗೋಡೆಗೆ ಒರಗಿ ನಿಂತ.

ಅದೇ ದಿನ ಅವರು ಟ್ಯಾಕ್ಸಿಯಲ್ಲಿ ಶಿಳ್‌ಫಾಟಾ ರಸ್ತೆ ಸುತ್ತಿಕೊಂಡು ಥಾಣೆಗೆ ಹೋದರು. ಗುಣಪಾಲ ಇಬ್ಬರ ನಡುವೆ ಕುಳಿತಿದ್ದ. ಡಾಕ್ಟರ್ ಅವನೊಬ್ಬನ ಜೊತೆ ಬಹಳ ಹೊತ್ತು ಮಾತಾಡಿ, ಪರಿಚಯದ ನರ್ಸಿಂಗ್ ಹೋಮಿಗೆ ಕೆಲವು ದಿನ ಸೇರಿಸಿದರು, ಗುಳಿಗೆಯ ಪ್ರಮಾಣ ಬದಲಿಸಿದರು. ಲತೀಶ್ ಕಾರಿಡಾರಿನಲ್ಲಿ, 'ಆ ಗುಳಿಗೆಯಿಂದಲೇ ಹೀಗಾಯ್ತಲ್ವಾ ಡಾಕ್ಟರ್, ಇನ್ನಾದ್ರೂ ನಿಲ್ಲಿಸಿ,' ಎಂದು ತಡೆತಡೆದು ಕೇಳಿದ. ಅವರು ಅವನ ಮಾತನ್ನು ತಳ್ಳಿಹಾಕಲಿಲ್ಲ. 'ನಿಮ್ಮ ಅಣ್ಣ ಈಗ ಹೊಳೆಯ ನಡುವೆ ಇದ್ದಾರೆ. ಅಲ್ಲಿ ದೋಣಿ ಕೆಲವು ಸಲ ಜಾಸ್ತಿ ಅಲುಗಾಡುತ್ತದೆ. ಅದಕ್ಕೇ ಹಿಡಿದುಕೊಳ್ಳುವವರು ಬೇಕು. ನಡುವೆ ಇಳಿಸಲು ಆಗುವುದಿಲ್ಲ,' ಎಂದರು. ಲತೀಶ್ ಕಾಲಿನ ಹೆಬ್ಬೆರಳಿನಿಂದ ನೆಲ ಉಜ್ಜುತ್ತಾ ನಿಂತ. ಆ ಸಂಜೆ ಪೂಜಿತಾ ಆಸ್ಪತ್ರೆಗೆ ಬಂದು, ವಾಚನ್ನು ಬಿಚ್ಚಿ ಅಪ್ಪನ ಮಂಚದ ಮೇಲೆ ಇಟ್ಟಳು. 'ಮುಝೆ ನಹೀಂ ಚಾಹಿಯೇ,' ಬೇಡ ನನಗೆ, ಎಂದಳು. ಅಷ್ಟು ಗಟ್ಟಿಯಾಗಿ ಅಂದಳೆಂದರೆ ಪಕ್ಕದ ಕೋಣೆಯ ನರ್ಸು ಇಣುಕಿ ನೋಡಿದಳು.

ಮಳೆಗಾಲ ಕಳೆಯುವ ಹೊತ್ತಿಗೆ ಗುಣಪಾಲ ಹೋಟೆಲಿಗೆ ಅರ್ಧ ದಿನ ಹೋಗತೊಡಗಿದ. ಸಾಂಬಾರಿಗೆ ಉಪ್ಪು ಹೆಚ್ಚಾಯಿತೆಂದು ಭಟ್ಟನನ್ನು ಬೈದನೆಂದು ಲತೀಶ್ ಫೋನ್ ಮಾಡಿ ಹಬ್ಬದ ಸುದ್ದಿಯಂತೆ ಹೇಳಿದ. ಎಲ್ಲರೂ ಒಳ್ಳೆಯದಾಯಿತು ಎಂದರು. ಸುಂದರಿಗೆ ಮಾತ್ರ ಒಳ್ಳೆಯದನ್ನು ನಂಬುವ ಶಕ್ತಿಯೇ ಹೋಗಿತ್ತು. ಅವನು ಮೂಗಿನಲ್ಲಿ ಹಾಡು ಗುನುಗಿದರೆ ಅವಳ ಕೈಯ ಸೌಟು ನಿಲ್ಲುತ್ತಿತ್ತು. ಟಿ.ವಿ. ನೋಡುತ್ತಾ ಅವನು ಹೊಟ್ಟೆ ತುಂಬ ನಕ್ಕರೆ ಅವಳು ಅಡುಗೆಮನೆಯಿಂದ ಬಂದು ಅವನ ಕಾಲಿನಲ್ಲಿ ಚಪ್ಪಲಿ ಇದೆಯೇ ಎಂದು ನೋಡುತ್ತಿದ್ದಳು. ಅವನು ಬೇಸರದಲ್ಲಿದ್ದ ದಿನಗಳೇ ಅವಳಿಗೆ ನೆಮ್ಮದಿಯ ದಿನಗಳು, ಇದಕ್ಕಿಂತ ದೊಡ್ಡ ದ್ರೋಹ ಹೆಂಡತಿಯಾದವಳು ಏನು ಮಾಡಬಲ್ಲಳು ಎಂದು ಯೋಚಿಸುತ್ತಿದ್ದಳು. ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಆ ಪ್ರಶ್ನೆ ಕೇಳುತ್ತಿದ್ದಳು. ಮೊದಮೊದಲು ಪಿಸುಗುಟ್ಟಿ, ಆಮೇಲೆ ಮಗಳು ತಲೆ ಬಾಚಿಕೊಳ್ಳುತ್ತಿದ್ದಾಗಲೂ. ಅವನು ಇಲ್ಲ ಎನ್ನುತ್ತಿದ್ದ, ಕೆಲವು ದಿನ ಸ್ವಲ್ಪ ಯೋಚಿಸಿ ಇಲ್ಲ ಎನ್ನುತ್ತಿದ್ದ. ಆ ಕ್ಷಣ ಅವರಿಬ್ಬರಲ್ಲಿ ಯಾರು ಹೆಚ್ಚು ಬತ್ತಲೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಇನ್ನು ಗುಳಿಗೆ ಯಾಕೆ ಎಂದು ಊರಿನಿಂದ ಬಂದ ಯಾರೋ ಕೇಳಿದಾಗ ಗುಣಪಾಲನೇ, 'ಡಾಕ್ಟರ್ ಹೇಳಿದಾಗ ಮೆಲ್ಲ ಕಡಿಮೆ ಮಾಡುವುದು. ನಾವಾಗಿ ಬಿಡ್ಲಿಕ್ಕಿಲ್ಲ,' ಎಂದ. ಲತೀಶ್ ಹೌದು ಹೌದು ಎಂದ.

ಚಳಿ ಶುರುವಾಗುವ ಹೊತ್ತಿನ ಒಂದು ಬೆಳಿಗ್ಗೆ ನೀರು ತಡವಾಗಿ ಬಂತು, ಗ್ಯಾಸು ಮುಗಿಯಿತು, ಪೂಜಿತಾಳ ಪರೀಕ್ಷೆಯಿತ್ತು. ಅವನ ಅಂಗೈಗೆ ಗುಳಿಗೆ ಹಾಕಿ ಸುಂದರಿ ಓಡಿದಳು. ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ಜನ ಒಂದೇ ಮೈಯಾಗಿ ಇಳಿಯುತ್ತಿದ್ದರು, ಅವಳೂ ಅದರೊಳಗೆ ಸೇರಿಹೋಗಿದ್ದಳು, ಅಷ್ಟರಲ್ಲಿ ಹಿಂದಿನಿಂದ ಯಾರೋ 'ಸುಂದರಿ' ಎಂದು ಕೂಗಿದರು. ಗುಣಪಾಲ ಬೀದಿಯಲ್ಲಿ ಅವಳ ಹೆಸರು ಹಿಡಿದು ಎಂದೂ ಕರೆದವನಲ್ಲ. ತಿರುಗಿದಾಗ ಅವನು ಬ್ರಿಜ್ಜಿನ ಕಂಬಿ ಹಿಡಿದು ನಿಂತಿದ್ದ. ಮನೆಯ ಲುಂಗಿಯಲ್ಲೇ ಬಂದಿದ್ದ, ಏದುಸಿರು ಬಿಡುತ್ತಿದ್ದ. ಅವಳು ಪ್ರವಾಹಕ್ಕೆ ಎದುರಾಗಿ ಹತ್ತಿದಳು. ಬೈಗುಳ ತಿಂದಳು, ಯಾರದೋ ಮೊಣಕೈ ತಾ‌ಗಿತು.

'ಎಂತ ಆಯ್ತು?'

'ನೀನು ಇವತ್ತು ಕೇಳ್ಲಿಲ್ಲ.'

ಅವಳು ಸುತ್ತ ನೋಡಿದಳು. ಜನ ಅವರಿಬ್ಬರನ್ನೂ ಎರಡು ಬದಿಯಿಂದ ಉಜ್ಜಿಕೊಂಡು ಹೋಗುತ್ತಿದ್ದರು. 'ಇಲ್ಲಿಯಾ?' ಎಂದಳು.

'ಕೇಳು,' ಎಂದ ಅವನು.

ಸುಂದರಿ ಕೇಳಿದಳು. ಗದ್ದಲದಲ್ಲಿ ಕೇಳಿಸಬೇಕೆಂದು ಗಟ್ಟಿಯಾಗಿಯೇ ಕೇಳಿದಳು. ಬ್ಯಾಗು ಹೊತ್ತ ಒಬ್ಬ ತಿರುಗಿ ನೋಡಿ ಮುಂದೆ ಹೋದ. ಗುಣಪಾಲ ಕಣ್ಣು ಮುಚ್ಚಿ ತೆರೆದ.

'ಉಂಟು,' ಎಂದ. 'ಎರಡು ಮೂರು ದಿನದಿಂದ. ಸ್ವಲ್ಪ.'

ಕೆಳಗೆ ಥಾಣೆಯ ಗಾಡಿ ಬಂದು ನಿಂತಿತು, ಜನ ಅದರ ಬಾಗಿಲುಗಳಿಗೆ ಮುಗಿಬಿದ್ದರು. ಅವಳು ಒಂದು ಕೈಯಲ್ಲಿ ಅವನ ತೋಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ಡಾಕ್ಟರರ ನಂಬರ್ ಒತ್ತಿದಳು. ಆ ಕಡೆ ಗಂಟೆ ಬಾರಿಸತೊಡಗಿತು. ಅವನು ಕೈ ಬಿಡಿಸಿಕೊಳ್ಳಲಿಲ್ಲ, ಲುಂಗಿಯ ಮಡಿಕೆಯನ್ನು ಇಳಿಸಿ ಸರಿಮಾಡಿಕೊಂಡು, ಜನರ ನಡುವೆ ಅವಳ ಪಕ್ಕಕ್ಕೆ ಬಂದು ನಿಂತ. ಗಾಡಿ ಹೊರಟುಹೋಯಿತು.